ಹಿಮನಾಡಿಗೆ ಹೊರಟ ಗಾಲಿಮನೆ

ಮನೆ ಕಟ್ಟಿ ನೋಡು ಎಂದು ಹಿರಿಯರು ಎಚ್ಚರಿಸಿದ್ದಾರೆ. ಒಂದೆಡೆ ನಿಲ್ಲುವ ಮನೆಯ ಕಷ್ಟವೇ ಅಷ್ಟಾದರೆ, ಗಾಲಿಗಳ ಮೇಲೆ ಓಡುವ ಮನೆಯ ಪಾಡೇನು? ಅದೂ ನೀರು ಕಲ್ಲಾಗುವ ಚಳಿಗಾಲದಲ್ಲಿ?

ವಿಹಾರಕ್ಕೆಂದೇ ಕಟ್ಟಿಸಿದ ಗಾಲಿಮನೆಯ ಕಥೆಯನ್ನು ಸಾಮಾನ್ಯವಾಗಿ 1885ರಿಂದ ಹೇಳುವುದು ವಾಡಿಕೆ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಮಕ್ಕಳಿಗಾಗಿ ಸಾಹಸಕಥೆಗಳನ್ನು ಬರೆದ ಗಾರ್ಡನ್ ಸ್ಟೇಬಲ್ಸ್ ಆ ವರ್ಷ ‘ವಾಂಡರರ್’ ಎಂಬ ಕುದುರೆಬಂಡಿಯನ್ನು ಮಾಡಿಸಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ನಿಧಾನವಾಗಿ ಪ್ರಯಾಣ ಮಾಡಿದನು. ಆದರೆ ಅದು ಬೇಸಗೆಯ ಸುಖಯಾತ್ರೆ. ಚಳಿಗಾಲವನ್ನೇ ಎದುರಿಸಲೆಂದು ಕಟ್ಟಿದ ಗಾಲಿಮನೆಯ ಕಥೆ ಬೇರೆ. ಅದು ಒಬ್ಬ ಮನುಷ್ಯನ ಪ್ರಾಣಸಂಕಟದಿಂದ ಆರಂಭವಾಯಿತು.

1934ರಲ್ಲಿ ಅಮೆರಿಕದ ಅಡ್ಮಿರಲ್ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕಕ್ಕೆ ತನ್ನ ಎರಡನೆಯ ಯಾತ್ರೆಯನ್ನು ನಡೆಸುತ್ತಿದ್ದನು. ಮುಖ್ಯ ಬಿಡಾರದ ಹೆಸರು ‘ಲಿಟ್ಲ್ ಅಮೆರಿಕ’. ಅಲ್ಲಿಂದ 120 ಮೈಲಿಗೂ ಹೆಚ್ಚು ದೂರದಲ್ಲಿ, ಹಿಮದೊಳಗೆ ಹುಗಿದ ಸಣ್ಣ ಗುಡಿಸಲಿನಲ್ಲಿ, ಹವೆಯನ್ನು ಗಮನಿಸುತ್ತ ಒಬ್ಬನೇ ಚಳಿಗಾಲ ಕಳೆಯಲು ಬರ್ಡ್ ನಿಂತನು. ಆ ನಾಡಿನ ಚಳಿಗಾಲವೆಂದರೆ ನಮ್ಮ ಮೇ, ಜೂನ್, ಜುಲೈ ತಿಂಗಳುಗಳು. ಆಗ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ.

ಗುಡಿಸಲನ್ನು ಬೆಚ್ಚಗಿಡಲು ಒಂದು ಒಲೆ, ನಿಸ್ತಂತು ಯಂತ್ರಕ್ಕೆ ವಿದ್ಯುತ್ತು ಕೊಡಲು ಒಂದು ಪುಟ್ಟ ಎಂಜಿನ್ ಇದ್ದವು. ಅವೆರಡರ ಹೊಗೆಯೂ ಸರಿಯಾಗಿ ಹೊರಗೆ ಹೋಗಲಿಲ್ಲ. ಅದರಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತವನ್ನು ಸೇರಿ ಪ್ರಾಣವಾಯುವಿನ ಜಾಗವನ್ನು ಹಿಡಿಯುತ್ತದೆ. ಬರ್ಡ್ ಹಾಸಿಗೆ ಹಿಡಿದನು. ಒಲೆ ಉರಿಸಿದರೆ ವಿಷ, ಆರಿಸಿದರೆ ಚಳಿ. ತನ್ನನ್ನು ಉಳಿಸಲು ಹೊರಟು ಸಂಗಡಿಗರು ಕತ್ತಲೆಯಲ್ಲಿ ಸತ್ತಾರೆಂದು ಹೆದರಿ, ಅವನು ಕಾಯಿಲೆಯ ಮಾತನ್ನೇ ಎತ್ತಲಿಲ್ಲ. ಆದರೆ ಅವನು ಒತ್ತಿ ಕಳುಹಿಸುತ್ತಿದ್ದ ಸಂಕೇತಗಳು ತಡವರಿಸತೊಡಗಿದವು. ಬಾಯಿ ಹೇಳದ ಸಂಗತಿಯನ್ನು ರೇಡಿಯೋ ಹೇಳಿತು. ವಿಜ್ಞಾನಿ ಥಾಮಸ್ ಪೋಲ್ಟರ್ ಸಂಗಡಿಗರೊಡನೆ ಟ್ರ್ಯಾಕ್ಟರ್ ಹತ್ತಿ ಹೊರಟನು. ಎರಡು ಸಲ ಹಿಂದಿರುಗಬೇಕಾಯಿತು. ಮೂರನೆಯ ಸಲ, ಆಗಸ್ಟಿನಲ್ಲಿ, ಅವರು ಬರ್ಡ್‌ನನ್ನು ಮುಟ್ಟಿದರು.

ಪೋಲ್ಟರ್ ಈ ಪಾಡನ್ನು ಮರೆಯಲಿಲ್ಲ. ಮನೆ ಒಂದು ಕಡೆ, ವಾಹನ ಒಂದು ಕಡೆ ಇರುವುದರಿಂದಲ್ಲವೇ ಇಷ್ಟೆಲ್ಲ ಕಷ್ಟ? ಮನೆಯೇ ವಾಹನವಾದರೆ? ಷಿಕಾಗೋ ನಗರದ ಆರ್ಮರ್ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ಅವನು ಯೋಜಿಸಿದ ‘ಸ್ನೋ ಕ್ರೂಸರ್’ ಎಂಬ ಮಹಾವಾಹನ 1939ರಲ್ಲಿ ಸಿದ್ಧವಾಯಿತು. ಉದ್ದ ಸುಮಾರು 55 ಅಡಿ, ಅಗಲ ಸುಮಾರು 20 ಅಡಿ, ತುಂಬಿದ ತೂಕ ಸುಮಾರು 75,000 ಪೌಂಡು. ಒಳಗೆ ಮಲಗಲು ಎಡೆ, ಅಡಿಗೆಯ ಮನೆ, ಯಂತ್ರಗಳನ್ನು ರಿಪೇರಿ ಮಾಡುವ ಕೋಣೆ. ಮಾಳಿಗೆಯ ಮೇಲೆ ಒಂದು ಸಣ್ಣ ವಿಮಾನ. ನಾಲ್ಕೈದು ಜನ ಹೊರಗಿನ ನೆರವಿಲ್ಲದೆ ಒಂದು ವರ್ಷ ಬದುಕಬೇಕೆಂಬುದು ಲೆಕ್ಕ.

ಚಳಿಯ ವಿಷಯದಲ್ಲಿ ಪೋಲ್ಟರನ ಬುದ್ಧಿ ಮೆಚ್ಚುವಂಥದು. ಎರಡು ಡೀಸೆಲ್ ಎಂಜಿನ್‌ಗಳು ವಿದ್ಯುತ್ತನ್ನು ಹುಟ್ಟಿಸುವುದು; ಆ ವಿದ್ಯುತ್ತು ಪ್ರತಿ ಗಾಲಿಯಲ್ಲಿರುವ ಮೋಟಾರನ್ನು ತಿರುಗಿಸುವುದು. ಎಂಜಿನ್ನನ್ನು ತಣಿಸಿ ತಾನು ಬಿಸಿಯಾದ ದ್ರವವನ್ನು ಮನೆಯ ತುಂಬ ಕೊಳವೆಗಳಲ್ಲಿ ಹರಿಸುವುದು. ವ್ಯರ್ಥವಾಗಿ ಹೋಗುವ ಶಾಖವೇ ಮನೆಯನ್ನು ಕಾಯಿಸಿತು. ವಾಸದ ಕೋಣೆಯಲ್ಲಿ ಹೊಗೆಯುಗುಳುವ ಒಲೆಯನ್ನು ನಂಬಿ ಕೂರಬೇಕಾಗಲಿಲ್ಲ. ಅಂಟಾರ್ಕ್ಟಿಕದ ಚಳಿಯಲ್ಲಿಯೂ ಒಳಗಿನವರಿಗೆ ತೆಳುವಾದ ಹೊದಿಕೆಯೇ ಸಾಕಾಯಿತಂತೆ.

ಆದರೆ ಹಡಗು ಹೊರಡುವ ದಿನ ಕಾಯುತ್ತಿರಲಿಲ್ಲ. ಆಗಸ್ಟಿನಲ್ಲಿ ಕಟ್ಟಲು ತೊಡಗಿದ ವಾಹನ ಅಕ್ಟೋಬರ್ 24ರಂದೇ ಷಿಕಾಗೋದಿಂದ ಬಾಸ್ಟನ್ ಬಂದರಿಗೆ ಹೊರಟಿತು. ದಾರಿಯಲ್ಲಿ, ಓಹಾಯೋ ಪ್ರಾಂತದಲ್ಲಿ, ಸೇತುವೆಯಿಂದ ಜಾರಿ ಹಳ್ಳಕ್ಕಿಳಿದು ಮೂರು ದಿನ ಕುಳಿತಿತು. ಅಂತೂ ನವೆಂಬರಿನಲ್ಲಿ ಹಡಗನ್ನೇರಿ, 1940ರ ಜನವರಿಯಲ್ಲಿ ಹಿಮನಾಡನ್ನು ಮುಟ್ಟಿತು. ಇಳಿಸುವಾಗ ಹಡಗಿನಿಂದ ಹಾಸಿದ ಮರದ ಇಳಿಜಾರು ಮುರಿಯಿತು. ಚಾಲಕನ ಸ್ಥಾನದಲ್ಲಿದ್ದ ಪೋಲ್ಟರ್ ವೇಗವನ್ನು ಹೆಚ್ಚಿಸಿ ಹೇಗೋ ಪಾರು ಮಾಡಿದನು.

ನಿಜವಾದ ಪರೀಕ್ಷೆ ಅನಂತರ ಬಂತು. ಹತ್ತು ಅಡಿ ಎತ್ತರದ ಟೈರುಗಳಿಗೆ ಗೀರುಗಳೇ ಇರಲಿಲ್ಲ. ಅವು ಮೂಲತಃ ಜೌಗುನೆಲದ ವಾಹನಕ್ಕಾಗಿ ರೂಪಿಸಿದವು. ಅಷ್ಟು ಭಾರವೂ ನಾಲ್ಕೇ ಕಡೆ ಬಿದ್ದುದರಿಂದ ಗಾಲಿಗಳು ಮೂರು ಅಡಿಯಷ್ಟು ಹಿಮದಲ್ಲಿ ಹೂತು, ನಿಂತಲ್ಲೇ ಗಿರ್ರನೆ ತಿರುಗಿದವು. ಮುಂದಿನ ಗಾಲಿಗಳಿಗೆ ಬಿಡಿ ಟೈರುಗಳನ್ನು ಜೋಡಿಸಿದರು, ಹಿಂದಿನವಕ್ಕೆ ಸರಪಳಿ ಸುತ್ತಿದರು. ಕೊನೆಗೆ ಹಿಮ್ಮುಖವಾಗಿ ನಡೆಸಿದರೆ ಹಿಡಿತ ಹೆಚ್ಚೆಂದು ಕಂಡುಬಂತು! ಅದು ಮಾಡಿದ ಅತಿ ದೊಡ್ಡ ಪ್ರಯಾಣವಾದ 92 ಮೈಲಿಯೂ ಪೂರ್ತಿ ಹಿಂದು ಮುಂದಾಗಿಯೇ ಸಾಗಿತು.

ಕಡೆಗೆ ಅದನ್ನು ಒಂದೆಡೆ ನಿಲ್ಲಿಸಿ, ಮರದ ಮರೆ ಕಟ್ಟಿ, ನಾಲ್ವರು ಅದರಲ್ಲಿ ಚಳಿಗಾಲವನ್ನು ಕಳೆದರು. ಮಂಜುಗಡ್ಡೆಯನ್ನೂ ವಿಶ್ವಕಿರಣಗಳನ್ನೂ ಕುರಿತ ಪರಿಶೀಲನೆಗಳನ್ನು ನಡೆಸಿದರು. ಮನೆಯಾಗಿ ಅದು ಗೆದ್ದಿತು; ಗಾಡಿಯಾಗಿ ಸೋತಿತು. ಯುದ್ಧದ ಕಾಲ ಬಂದು ಹಣ ನಿಂತಿತು, ಜನ 1941ರಲ್ಲಿ ತೆರಳಿದರು, ವಾಹನ ಅಲ್ಲೇ ಉಳಿಯಿತು. 1946ರ ಕೊನೆಯಲ್ಲಿ ಮತ್ತೊಂದು ತಂಡ ಅದನ್ನು ಕಂಡಿತು. 1958ರಲ್ಲಿ 20 ಅಡಿಗೂ ಹೆಚ್ಚು ಹಿಮದ ಕೆಳಗಿದ್ದ ಅದನ್ನು ಅಗೆದು ನೋಡಿದರು. ಗುರುತಿಗೆ ನೆಟ್ಟಿದ್ದ ಒಂದು ಬಿದಿರ ಗಳುವೇ ದಾರಿ ತೋರಿತ್ತು. ಅನಂತರ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಅದೇ 1958ರ ಮಾರ್ಚ್ 2ರಂದು ವಿವಿಯನ್ ಫುಕ್ಸ್‌ನ ತಂಡ 99 ದಿನಗಳಲ್ಲಿ ಅಂಟಾರ್ಕ್ಟಿಕವನ್ನು ದಾಟಿ ಮುಗಿಸಿತು. ಅವರ ‘ಸ್ನೋ-ಕ್ಯಾಟ್’ ವಾಹನಗಳಿಗೆ ಗಾಲಿಗಳ ಬದಲು ಅಗಲವಾದ ಪಟ್ಟಿಗಳಿದ್ದವು. ಭಾರ ಹರಡಿಹೋಗಿ ಹಿಮ ತಾಳಿಕೊಂಡಿತು.

ಇಂದು ಯೂರೋಪು, ಅಮೆರಿಕಗಳಲ್ಲಿ ಸಾಮಾನ್ಯ ಸಂಸಾರಗಳು ಗಾಲಿಮನೆಗಳಲ್ಲಿ ಚಳಿಗಾಲದ ಬಿಡಾರ ಹೂಡುತ್ತವೆ. ಅವರು ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯದಂತೆ ಬೆಚ್ಚಗಿಡುತ್ತಾರೆ, ಇಲ್ಲವೆ ಬರಿದು ಮಾಡುತ್ತಾರೆ, ಟೈರುಗಳನ್ನು ನೋಡಿಕೊಳ್ಳುತ್ತಾರೆ, ಎಷ್ಟೇ ಚಳಿಯಿದ್ದರೂ ಗಾಳಿಕಿಂಡಿಯನ್ನು ಮಾತ್ರ ಮುಚ್ಚುವುದಿಲ್ಲ, ವಿಷದ ಅನಿಲ ಸೇರಿದರೆ ಕೂಗಿ ಎಬ್ಬಿಸುವ ಪುಟ್ಟ ಯಂತ್ರವನ್ನು ಮಲಗುವೆಡೆಯಲ್ಲಿ ಇಡುತ್ತಾರೆ. ಬರ್ಡ್ ಸಾವಿನ ಬಾಗಿಲಲ್ಲಿ ಕಲಿತುದೂ ಪೋಲ್ಟರ್ ಹಿಮದಲ್ಲಿ ಹೂತು ಕಲಿತುದೂ ಈ ಪಾಠಗಳೇ.

ನಮಗೆ ಅಂಥ ಹಿಮವಿಲ್ಲ ನಿಜ. ಆದರೆ ಮಾಗಿಯ ರಾತ್ರಿ ಕಿಟಕಿ ಬಾಗಿಲು ಭದ್ರಪಡಿಸಿ, ಇದ್ದಿಲ ಅಗ್ಗಿಷ್ಟಿಕೆಯನ್ನು ಮಂಚದ ಬಳಿ ಇಟ್ಟು ಮಲಗುವ ಮನೆಗಳು ನಮ್ಮಲ್ಲಿಯೂ ಇವೆ. ಅಲ್ಲಿ ಹುಟ್ಟುವುದೂ ಅದೇ ಅನಿಲ. ಇಂದು ರಾತ್ರಿ ಮಲಗುವ ಮುನ್ನ ಬೆಂಕಿಯನ್ನು ಹೊರಗಿಟ್ಟು, ಕಿಟಕಿಯನ್ನು ಒಂದಿಷ್ಟು ತೆರೆದಿಡಿ.