ಎತ್ತಿನ ಬಾಯಿ ನೋಡಿದ ಸೀಮೆ, ಪುಟ್ಟ ನಾಯಿಯ ಬೀಳದ ಹಾಲುಹಲ್ಲು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇತಿಹಾಸ ಅಂದ ತಕ್ಷಣ ನಾವು ಕೋಟೆ, ರಾಜ, ಯುದ್ಧ ಅಂತ ಶುರು ಮಾಡ್ತೀವಿ. ರಾಮನಗರ ಸೀಮೆ ಅಂದ್ರೆ ಮಾಗಡಿ ಕೆಂಪೇಗೌಡರು, ಚನ್ನಪಟ್ಟಣದ ಗೊಂಬೆ, ರೇಷ್ಮೆಗೂಡಿನ ಮಾರುಕಟ್ಟೆ, ‘ಶೋಲೆ’ ಚಿತ್ರೀಕರಣವಾದ ಬೆಟ್ಟ. ಇವತ್ತು ಇವ್ಯಾವುದೂ ಅಲ್ಲ. ಇವತ್ತಿನ ವಿಷಯ ಒಂದು ಹಲ್ಲು. ಸೂಜಿ ಮೊನೆಯಷ್ಟು ಚೂಪು. ಪುಟ್ಟ ತಳಿಯ ನಾಯಿಮರಿಯ ಬಾಯಲ್ಲಿ ಏಳು ತಿಂಗಳಾದರೂ ಬೀಳದೆ ಕೂತಿರುವ ಹಾಲುಹಲ್ಲು.

ಇದರಲ್ಲೇನು ಇತಿಹಾಸ ಅಂತ ಕೇಳಬಹುದು. ಪ್ರಾಣಿಯ ಬಾಯಿ ನೋಡಿಯೇ ಸಾವಿರಾರು ರೂಪಾಯಿ ವ್ಯವಹಾರ ಮಾಡಿದ ಸೀಮೆ ಇದು. ಅದೇ ಸೀಮೆಯಲ್ಲಿ, ಮನೆಯೊಳಗೆ ಸೋಫಾ ಮೇಲೆ ಮಲಗುವ ನಾಯಿಯ ಬಾಯನ್ನು ಯಾರೂ ತೆರೆದು ನೋಡಲ್ಲ. ಯಾಕೆ ಹೀಗಾಯ್ತು? ಆ ಪ್ರಶ್ನೆ ಹಿಡಿದು ಹೊರಟರೆ ದನದ ಜಾತ್ರೆ, ವೀರಗಲ್ಲು, ಇಂಗ್ಲೆಂಡಿನ ಅರಮನೆ, ಟಿವಿ ಜಾಹೀರಾತು ಎಲ್ಲ ದಾರಿಯಲ್ಲಿ ಸಿಗುತ್ತವೆ.

ಬಾಯಿ ಓದುವ ವಿದ್ಯೆ

ಮಾಗಡಿ ರಂಗನಾಥಸ್ವಾಮಿಯ ಜಾತ್ರೆ, ಚನ್ನಪಟ್ಟಣ ತಾಲ್ಲೂಕಿನ ಕೆಂಗಲ್ ಆಂಜನೇಯನ ಜಾತ್ರೆ, ಎರಡೂ ದನಗಳ ಜಾತ್ರೆಗೆ ಹೆಸರಾದವು. ಅಲ್ಲಿನ ಮುಖ್ಯ ಆಕರ್ಷಣೆ ಹಳ್ಳಿಕಾರ್ ಎತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ್ ಕಾಲದ ಬೆಣ್ಣೆ ಚಾವಡಿ, ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯಿತಲ್ಲ, ಆ ದನಗಳ ಮೂಲದಲ್ಲೂ ಹಳ್ಳಿಕಾರ್ ರಕ್ತ ಇದೆ. 2000ದಲ್ಲಿ ಅಂಚೆ ಇಲಾಖೆ ಈ ತಳಿಗೆ ಅಂಚೆಚೀಟಿಯನ್ನೇ ಹೊರಡಿಸಿತು.

ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೊದಲು ಏನು ಮಾಡ್ತಾನೆ? ತುಟಿ ಸರಿಸಿ ಹಲ್ಲು ನೋಡ್ತಾನೆ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗೆ ಎಂಟು ಬಾಚಿಹಲ್ಲು. ಎಂಟೂ ಹಾಲುಹಲ್ಲಾದರೆ ‘ಹಾಲಲ್ಲು’ ಕರು. ಎರಡು, ಎರಡೂವರೆ ವರ್ಷದ ಸುಮಾರಿಗೆ ನಡುವಿನ ಜೋಡಿ ಬಿದ್ದು ಅಗಲವಾದ ಹೊಸ ಜೋಡಿ ಬಂದರೆ ‘ಎರಡಲ್ಲು’. ಆಮೇಲೆ ‘ನಾಕಲ್ಲು’, ‘ಆರಲ್ಲು’. ನಾಲ್ಕೂವರೆ, ಐದು ವರ್ಷದ ಹೊತ್ತಿಗೆ ಎಂಟೂ ಬಂದರೆ ‘ಬಾಯಿ ಕೂಡ್ತು’ ಅಂತಾರೆ. ಹುಟ್ಟಿದ ದಿನ ಬರೆದಿಡದ ಕಾಲದಲ್ಲಿ ಇದೇ ಜನನ ಪ್ರಮಾಣಪತ್ರ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅನ್ನೋ ಗಾದೆ ಹುಟ್ಟಿದ್ದೇ, ದುಡ್ಡು ಕೊಟ್ಟ ಹಸುವಿನ ಹಲ್ಲನ್ನು ಎಲ್ಲರೂ ಎಣಿಸುತ್ತಿದ್ದರು ಅನ್ನುವ ಕಾರಣಕ್ಕೆ.

ಮಕ್ಕಳ ಹಾಲುಹಲ್ಲಿಗೂ ನಮ್ಮಲ್ಲಿ ಲೆಕ್ಕ ಇತ್ತು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆಯ ಮಾಡಿನ ಮೇಲೆ ಎಸೆಯುವುದು ಹಳೇ ಮೈಸೂರಿನ ಎಷ್ಟೋ ಮನೆಗಳ ರೂಢಿ. ಅಂದ್ರೆ ಮನುಷ್ಯರದ್ದು, ದನದ್ದು, ಎರಡೂ ಹಲ್ಲು ಯಾವಾಗ ಬೀಳಬೇಕು ಅಂತ ಊರಿಗೇ ಗೊತ್ತಿತ್ತು. ನಾಯಿಯದ್ದು ಮಾತ್ರ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಆತಕೂರಿನ ಕಾಳಿ

ಚನ್ನಪಟ್ಟಣದ ಪಕ್ಕದ ತಾಲ್ಲೂಕು ಮದ್ದೂರು. ಅಲ್ಲಿನ ಆತಕೂರಿನಲ್ಲಿ ಸಿಕ್ಕ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಹೋರಾಡಿದ. ಅವನ ಕಡೆಯ ವೀರ ಮಣಲೆರ. ಮೆಚ್ಚಿದ ಬೂತುಗ, ಏನು ಬೇಕು ಕೇಳು ಅಂದಾಗ ಮಣಲೆರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ದೊಡ್ಡ ಕಾಡುಹಂದಿಯ ಜೊತೆ ಸೆಣಸಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಎದುರುಬದುರಾದ ಶಿಲ್ಪ ಆ ಕಲ್ಲಿನಲ್ಲಿದೆ.

ಈ ಕತೆ ಯಾಕೆ ಹೇಳಿದೆ ಅಂದ್ರೆ, ಶತಮಾನಗಳ ಕಾಲ ಈ ಸೀಮೆಯಲ್ಲಿ ನಾಯಿ ಅಂದರೆ ಬಾಯಿಂದ ದುಡಿಯುವ ಪ್ರಾಣಿ. ಬೇಟೆ, ಹಟ್ಟಿ ಕಾವಲು, ರಾಗಿಹೊಲದ ಕಾವಲು. ಉದ್ದ ಮುಖ, ಅಗಲ ದವಡೆ. ಹಲ್ಲಿಗೆ ಬೇಕಾದಷ್ಟು ಜಾಗ. ಹಾಲುಹಲ್ಲು ಯಾವಾಗ ಬಿತ್ತು, ಯಾವಾಗ ಹೊಸದು ಬಂತು ಅಂತ ಮಾಲೀಕನಿಗೆ ಗೊತ್ತೇ ಆಗುತ್ತಿರಲಿಲ್ಲ. ಇವತ್ತಿಗೂ ನಮ್ಮ ಬೀದಿನಾಯಿಗಳಲ್ಲಿ ಈ ತೊಂದರೆ ಅಪರೂಪ.

ಮೈ ಕುಗ್ಗಿತು, ಹಲ್ಲು ಅಷ್ಟು ಕುಗ್ಗಲಿಲ್ಲ

ಈಗ ಸ್ವಲ್ಪ ದೂರ ಹೋಗೋಣ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸ್‌ಗೆ ಹೋದಾಗ ಮಾರ್ಕೊ ಅನ್ನುವ ಪುಟ್ಟ ಪೊಮೆರೇನಿಯನ್ ನಾಯಿ ಅವಳ ಕೈ ಸೇರಿತು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿದ್ದ ಪೊಮೆರೇನಿಯನ್‌ಗಳು ಇದಕ್ಕಿಂತ ಬಹಳ ದೊಡ್ಡವು. ರಾಣಿಗೆ ಪುಟ್ಟದು ಇಷ್ಟ ಆದಮೇಲೆ ಕೇಳಬೇಕಾ? ಎಲ್ಲರಿಗೂ ಪುಟ್ಟದೇ ಬೇಕಾಯಿತು. ಸಣ್ಣದಕ್ಕೆ ಸಣ್ಣದನ್ನು ಕೂಡಿಸುತ್ತಾ ಬಂದು ಇವತ್ತಿನ ಪೊಮೆರೇನಿಯನ್ ಎರಡು, ಮೂರು ಕೆಜಿಗೆ ಇಳಿದಿದೆ. ಯಾರ್ಕ್‌ಷೈರ್ ಟೆರಿಯರ್, ಮಾಲ್ಟೀಸ್, ಚಿವಾವಾ, ಟಾಯ್ ಪೂಡಲ್, ಶಿಟ್ಜು ಇವೆಲ್ಲ ಬೇರೆ ಬೇರೆ ದೇಶದ ಬೇರೆ ಬೇರೆ ಕತೆಗಳು. ಆದರೆ ಬಾಯಿಯ ವಿಷಯದಲ್ಲಿ ಎಲ್ಲದರ ಕತೆ ಒಂದೇ. ಮೈ ಕುಗ್ಗಿದಷ್ಟು ಹಲ್ಲು ಕುಗ್ಗಲಿಲ್ಲ. ಮೂವತ್ತು ಕೆಜಿ ನಾಯಿಗೂ 42 ಹಲ್ಲು, ಮೂರು ಕೆಜಿ ನಾಯಿಗೂ 42 ಹಲ್ಲು. ದವಡೆಯಲ್ಲಿ ಜಾಗ ಎಲ್ಲಿದೆ?

ನಮ್ಮ ಕಡೆಗೆ ಇವು ಬಂದ ದಾರಿಯೂ ಸ್ವಾರಸ್ಯ. ಎಂಬತ್ತು, ತೊಂಬತ್ತರ ದಶಕದಲ್ಲಿ ಬೆಂಗಳೂರಿಂದ ತಾಲ್ಲೂಕು ಕೇಂದ್ರಗಳವರೆಗೆ ‘ಪಾಮ್’ ಅಂತ ಸಾಕಿದ ಬಿಳಿ ನಾಯಿಗಳಲ್ಲಿ ಬಹುಪಾಲು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿ ಇದೇ ತಳಿ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುವ ಪಗ್ ಬಂತು, ಮನೆಮನೆಗೂ ಪಗ್ ಬೇಕಾಯಿತು. ಈಗ ಶಿಟ್ಜು ಕಾಲ. ಈ ನಡುವೆ ನಮ್ಮ ಸೀಮೆಯೂ ಬದಲಾಗುತ್ತಾ ಬಂತು. ಬಿಡದಿಗೆ ಕಾರ್ಖಾನೆಗಳು ಬಂದವು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಉಳುಮೆಗೆ ಟ್ರ್ಯಾಕ್ಟರ್ ಬಂದು ಎತ್ತಿನ ಜೋಡಿ ಕಮ್ಮಿಯಾಯಿತು. ಹಟ್ಟಿ ಹೋಗಿ ಕಾರು ನಿಲ್ಲಿಸುವ ಜಾಗ ಬಂತು. ಹೊರಗೆ ಕಟ್ಟುವ ನಾಯಿ ಹೋಗಿ ಒಳಗೆ ಮಲಗುವ ನಾಯಿ ಬಂತು. ಬಾಯಿ ಓದುವ ವಿದ್ಯೆ ಮಾತ್ರ ಎತ್ತಿನ ಜೊತೆಗೇ ಹಿಂದೆ ಸರಿಯಿತು.

ಬಾಯೊಳಗೆ ಆಗುವುದೇನು?

ನಾಯಿಮರಿಗೆ ಹಾಲುಹಲ್ಲು 28. ಮೂರನೇ ವಾರದಿಂದ ಬರೋಕೆ ಶುರುವಾಗಿ ಎಂಟು ವಾರದೊಳಗೆ ಬಂದು ಮುಗಿಯುತ್ತವೆ. ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಹಲ್ಲು ಬೀಳೋಕೆ ಶುರು. ಕೋರೆಹಲ್ಲು ಐದು, ಆರು ತಿಂಗಳಿಗೆ. ಏಳು ತಿಂಗಳ ಹೊತ್ತಿಗೆ ಹಾಲುಹಲ್ಲು ಒಂದೂ ಉಳಿದಿರಬಾರದು. ಬಿದ್ದ ಹಲ್ಲನ್ನು ಮರಿಗಳು ಸಾಮಾನ್ಯವಾಗಿ ನುಂಗಿಬಿಡುತ್ತವೆ, ಅದರಿಂದ ತೊಂದರೆ ಇಲ್ಲ.

ಹಲ್ಲು ತಾನಾಗೇ ಬೀಳೋದು ಹೇಗೆ? ಒಳಗಿಂದ ಬರುವ ಹೊಸ ಹಲ್ಲು ಒತ್ತುತ್ತಾ ಬಂದಂತೆ ಹಾಲುಹಲ್ಲಿನ ಬೇರು ಕರಗುತ್ತದೆ. ಬೇರಿಲ್ಲದ ಹಲ್ಲು ಉದುರುತ್ತದೆ. ಪುಟ್ಟ ತಳಿಗಳಲ್ಲಿ ಹೊಸ ಹಲ್ಲು ಸ್ವಲ್ಪ ಪಕ್ಕಕ್ಕೆ ಸರಿದು ಬಂದರೆ ಬೇರು ಕರಗೋದಿಲ್ಲ. ಹಳೆಯದು ಕೂತೇ ಇರುತ್ತೆ, ಹೊಸದು ಪಕ್ಕದಲ್ಲಿ ಏಳುತ್ತೆ. ಮೇಲ್ದವಡೆಯಲ್ಲಿ ಹೊಸ ಕೋರೆ ಹಳೆಯದರ ಮುಂದೆ ಬರುತ್ತೆ. ಕೆಳದವಡೆಯಲ್ಲಿ ನಾಲಿಗೆಯ ಕಡೆಗೆ, ಒಳಗೆ ಬರುತ್ತೆ. ಈ ಕೆಳಗಿನದ್ದೇ ಹೆಚ್ಚು ಅಪಾಯ. ಹಳೆಯದು ಜಾಗ ಬಿಡದಿದ್ದರೆ ಹೊಸ ಕೋರೆ ಒಳಮುಖವಾಗೇ ಬೆಳೆದು, ಬಾಯಿ ಮುಚ್ಚಿದಾಗಲೆಲ್ಲ ಅಂಗುಳಿಗೆ ಚುಚ್ಚುತ್ತದೆ. ಜೋಡಿ ಹಲ್ಲಿನ ಸಂದಿಯಲ್ಲಿ ಅನ್ನ, ಕೂದಲು ಸಿಕ್ಕಿ ಕೊಳೆತು ವಸಡಿನ ರೋಗ ಶುರುವಾಗುತ್ತೆ.

ಪಶುವೈದ್ಯರ ನಿಯಮ ಬಹಳ ಸರಳ: ಒಂದು ಹಲ್ಲಿನ ಜಾಗದಲ್ಲಿ ಒಂದೇ ಹೊತ್ತಿಗೆ ಎರಡು ಹಲ್ಲು ಇರಬಾರದು. ಹೊಸದು ವಸಡು ಸೀಳಿ ಕಾಣುತ್ತಿದೆ, ಹಳೆಯದು ಇನ್ನೂ ಗಟ್ಟಿಯಾಗಿದೆ ಅಂದ್ರೆ ತೋರಿಸುವ ಸಮಯ ಬಂತು. ವರ್ಷ ತುಂಬಲಿ ಅಂತ ಕಾಯಬಾರದು. ಬೇಗ ತೆಗೆದರೆ ಹೊಸ ಹಲ್ಲು ಎಷ್ಟೋ ಸಲ ತಾನಾಗೇ ಸರಿಯಾದ ಜಾಗಕ್ಕೆ ಸರಿಯುತ್ತದೆ.

ದನದ ಆಸ್ಪತ್ರೆ ಅಂದ್ರೆ ದನದ್ದೇ

ಇಲ್ಲಿ ಇನ್ನೊಂದು ಇತಿಹಾಸ ಇದೆ. ಬಾಂಬೆಯ ಪಶುವೈದ್ಯ ಕಾಲೇಜು 1886ರದ್ದು, ಮದ್ರಾಸಿನದ್ದು 1903ರದ್ದು. ಮೈಸೂರು ಸಂಸ್ಥಾನ 1920ರ ದಶಕದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ತೆರೆದದ್ದು ದೊಡ್ಡರೋಗದಿಂದ ದನ ಉಳಿಸಿಕೊಳ್ಳೋಕೆ. ಹೆಬ್ಬಾಳದ ಪಶುವೈದ್ಯ ಕಾಲೇಜು ಬಂದದ್ದು 1958ರಲ್ಲಿ. ದೊಡ್ಡರೋಗ ಜಗತ್ತಿನಿಂದಲೇ ಹೋಯಿತು ಅಂತ 2011ರಲ್ಲಿ ಘೋಷಣೆ ಆಯಿತು, ಅದು ಸಣ್ಣ ಸಾಧನೆ ಅಲ್ಲ. ನಮ್ಮ ಜನ ‘ದನದ ಆಸ್ಪತ್ರೆ’ ಅಂತ ಕರೆದದ್ದು ಸುಮ್ಮನೆ ಅಲ್ಲ. ಊರ ಬದುಕು ನಿಂತಿದ್ದು ಹಸು, ಎತ್ತು, ಕುರಿ ಮೇಲೆ. ಆಸ್ಪತ್ರೆಯ ಔಷಧ, ಉಪಕರಣ, ಅನುಭವ ಎಲ್ಲ ಅದಕ್ಕೆ ತಕ್ಕಂತೆ ಬೆಳೆಯಿತು.

ನಾಯಿಯ ಹಾಲುಹಲ್ಲು ತೆಗೆಯೋಕೆ ಬೇಕಾಗುವುದು ಬೇರೆ ಸಾಮಾನು. ಎರಡು ಕೆಜಿ ಮೈಗೆ ಲೆಕ್ಕ ಹಾಕಿದ ಅರಿವಳಿಕೆ, ಪುಟ್ಟ ಉಪಕರಣ, ಸಾಧ್ಯವಾದರೆ ಹಲ್ಲಿನ ಎಕ್ಸ್-ರೇ. ಹಾಗಾಗಿ ಕನಕಪುರದಿಂದಲೋ ಮಾಗಡಿಯಿಂದಲೋ ಹೊರಡುವ ಮುಂಚೆ ಫೋನ್ ಮಾಡಿ, ಅರಿವಳಿಕೆ ಕೊಟ್ಟು ನಾಯಿಯ ಹಲ್ಲು ತೆಗೆಯುವ ವ್ಯವಸ್ಥೆ ಇದೆಯಾ ಅಂತ ಕೇಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಯೋಚನೆ ಇದ್ದರೆ ಒಂದೇ ಅರಿವಳಿಕೆಯಲ್ಲಿ ಎರಡೂ ಮುಗಿಸಬಹುದಾ ಅಂತಲೂ ಕೇಳಿ. ಆದರೆ ಕೆಳಗಿನ ಕೋರೆ ಅಂಗುಳಿಗೆ ಚುಚ್ಚುತ್ತಿದ್ದರೆ ಅದಕ್ಕಾಗಿ ಕಾಯಬೇಡಿ.

ಮನೆಯಲ್ಲಿ ದಾರ ಕಟ್ಟಿ ಎಳೆಯೋದು, ಇಕ್ಕಳ ಹಾಕೋದು ಖಂಡಿತ ಬೇಡ. ಹಾಲುಕೋರೆಯ ಬೇರು ಹೊರಗೆ ಕಾಣುವ ಭಾಗಕ್ಕಿಂತ ಉದ್ದ, ತೆಳ್ಳಗೆ. ಎಳೆದರೆ ನಡುವೆ ಮುರಿದು ತುಂಡು ಒಳಗೇ ಉಳಿಯುತ್ತೆ. ಕೀವಾಗಬಹುದು, ಪಕ್ಕದ ಹೊಸ ಹಲ್ಲಿಗೂ ಪೆಟ್ಟು. ಬೇಗ ಬೀಳಲಿ ಅಂತ ಮೂಳೆ, ಗಟ್ಟಿ ಮರದ ತುಂಡು ಕಡಿಯೋಕೆ ಕೊಡುವುದೂ ಬೇಡ. ಚನ್ನಪಟ್ಟಣದ ಗೊಂಬೆ ಆಲೆ ಮರದ್ದು, ಮೃದು ಅಂತ ಮರಿಗೆ ಕೊಡುವವರಿದ್ದಾರೆ. ಅದು ಮಕ್ಕಳ ಕೈಗೆ ಮಾಡಿದ್ದು, ನಾಯಿಯ ಕೋರೆಗಲ್ಲ. ಚೂರು ಎದ್ದರೆ ವಸಡಿಗೆ, ಗಂಟಲಿಗೆ ಚುಚ್ಚುತ್ತೆ.

ಹಳೇ ವಿದ್ಯೆಗೆ ಹೊಸ ಕೆಲಸ

2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಒಳ್ಳೆಯ ನಿಯಮ. ಆದರೆ ಎಂಟು ವಾರದ ಮರಿಯ ಬಾಯಲ್ಲಿ ಇರೋದೆಲ್ಲ ಹಾಲುಹಲ್ಲೇ, ಎಲ್ಲ ಚೆನ್ನಾಗೇ ಕಾಣುತ್ತೆ. ಲೋಪ ಕಾಣೋದು ಐದಾರು ತಿಂಗಳಿಗೆ. ಅಷ್ಟರಲ್ಲಿ ಮಾರಿದವರ ಕೆಲಸ ಮುಗಿದಿರುತ್ತೆ. ಎರಡಲ್ಲಿನ ಹೋರಿ ಕೊಳ್ಳುವವನಿಗೆ ಇದ್ದ ಅನುಕೂಲ ನಾಯಿ ಕೊಳ್ಳುವವರಿಗೆ ಇಲ್ಲ. ಇದಕ್ಕೆ ಇರುವ ಉಪಾಯ, ಮರಿಯ ಬದಲು ತಾಯಿ ತಂದೆಯ ಬಾಯಿ ನೋಡೋದು. ಈ ಗುಣ ವಂಶದಲ್ಲಿ ಇಳಿಯುತ್ತೆ. ಅದಕ್ಕೇ ಹಲ್ಲು ತೆಗೆಸಿಕೊಂಡ ನಾಯಿಯಿಂದ ಮರಿ ಮಾಡಿಸಬಾರದು ಅಂತ ವೈದ್ಯರು ಹೇಳೋದು. ಹಳ್ಳಿಕಾರ್ ಹೋರಿ ಆರಿಸುವಾಗ ನಮ್ಮ ರೈತರು ಅದರ ಮೂಲ ವಿಚಾರಿಸುತ್ತಿದ್ದರು. ಪುಟ್ಟ ನಾಯಿಯ ವಿಷಯದಲ್ಲಿ ಆ ಪ್ರಶ್ನೆಯನ್ನೇ ಬಿಟ್ಟುಬಿಟ್ಟಿದ್ದೀವಿ.

ನಾಲ್ಕು ತಿಂಗಳಿಂದ ಏಳು ತಿಂಗಳವರೆಗೆ ವಾರಕ್ಕೊಂದು ಸಲ, ಒಳ್ಳೇ ಬೆಳಕಲ್ಲಿ, ಮರಿಯ ತುಟಿ ಮೆಲ್ಲಗೆ ಸರಿಸಿ ನೋಡಿ. ನಾಲ್ಕು ಕೋರೆ ಎಣಿಸಿ. ಐದನೆಯದು ಕಂಡರೆ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ನೋವಿದ್ದರೂ ನಾಯಿ ಸಾಮಾನ್ಯವಾಗಿ ಊಟ ಬಿಡೋದಿಲ್ಲ. ಊಟ ಮಾಡ್ತಿದೆ, ಹಾಗಾಗಿ ಚೆನ್ನಾಗಿದೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಕಾಳಿಗೆ ಕಲ್ಲು ನಿಲ್ಲಿಸಿದ ಸೀಮೆ ನಮ್ಮದು. ಈಗಿನ ನಾಯಿಗೆ ಅಷ್ಟೆಲ್ಲ ಬೇಡ, ವಾರಕ್ಕೆ ಎರಡು ನಿಮಿಷ ಸಾಕು.

ಈ ಸಂಚಿಕೆ ಇಲ್ಲಿಗೆ ಮುಗೀತು. ಮನೇಲಿ ಪುಟ್ಟ ಮರಿ ಇರುವವರಿಗೆ ಕಳಿಸಿ.