ನರವೆಂಬ ಮಾತು ಮತ್ತು ಗೇಲನ್ನನ ಗಾಯಾಳುಗಳು

ಮುಂಗೈಯಲ್ಲಿ ನೀಲಿಯಾಗಿ ಉಬ್ಬಿದ ರಕ್ತನಾಳವನ್ನು ನಾವು ನರವೆನ್ನುತ್ತೇವೆ. ಕತ್ತು ತಿರುಗದಿದ್ದರೆ ‘ನರ ಹಿಡಿದುಕೊಂಡಿದೆ’ ಎನ್ನುತ್ತೇವೆ. ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯೂ ನಮಗೆ ನರವೇ. ಇದು ಕನ್ನಡಿಗರ ಅಜ್ಞಾನವೆಂದು ನಗಬೇಡಿ. ಗ್ರೀಕರ ‘ನ್ಯೂರಾನ್’ ಎಂಬ ಮಾತಿಗೂ ಮೊದಲಿದ್ದ ಅರ್ಥ ದೇಹವನ್ನು ಬಿಗಿದ ಹುರಿ ಎಂದೇ. ಸಂಸ್ಕೃತದ ಸ್ನಾಯುವಿನ ಪಾಡೂ ಅಷ್ಟೆ: ಸುಶ್ರುತನಲ್ಲಿ ಅದು ಕೀಲುಗಳನ್ನು ಕಟ್ಟುವ ಹುರಿ, ನಮ್ಮಲ್ಲಿ ಮಾಂಸಖಂಡ, ಬಂಗಾಳಿಯಲ್ಲಿ ನರ! ಎಲುಬು, ಸಿರೆ, ಸಂಧಿಗಳ ಪೆಟ್ಟಿಗಿಂತ ಸ್ನಾಯುವಿನ ಪೆಟ್ಟು ಹೆಚ್ಚು ಕೇಡೆಂದು ಸುಶ್ರುತನ ಮತ.

ಕ್ರಿ. ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರಾಫಿಲಸ್ ಮತ್ತು ಎರಸಿಸ್ಟ್ರಾಟಸ್ ಎಂಬ ವೈದ್ಯರು ನರವೇ ಬೇರೆ, ಹುರಿಯೇ ಬೇರೆ ಎಂದು ವಿಂಗಡಿಸಿದರು. ಆ ವಿಂಗಡಣೆಯನ್ನು ಗಾಯಾಳುಗಳ ಮೈಮೇಲೆ ಬಳಸಿ ನೋಡಿದವನು ಗೇಲನ್. ಅವನು ಹುಟ್ಟಿದ್ದು ಕ್ರಿ. ಶ. 129ರಲ್ಲಿ, ಇಂದು ತುರ್ಕಿಗೆ ಸೇರಿರುವ ಪೆರ್ಗಮಮ್ ಪಟ್ಟಣದಲ್ಲಿ. 157ರಲ್ಲಿ ಅಲ್ಲಿಯ ಗ್ಲಾಡಿಯೇಟರುಗಳಿಗೆ, ಎಂದರೆ ಜನರ ವಿನೋದಕ್ಕಾಗಿ ಕತ್ತಿ ಹಿಡಿದು ಕಾದುತ್ತಿದ್ದ ಬಡಪಾಯಿಗಳಿಗೆ, ವೈದ್ಯನಾದ. ಸೀಳಿದ ತೊಡೆ, ಕಡಿದ ಮಣಿಕಟ್ಟು ಇವೇ ಅವನ ಪಾಠಶಾಲೆ. ಹಿಂದಿನ ವೈದ್ಯರು ಬಿಸಿನೀರು ಸುರಿದು ಗಾಯಗಳನ್ನು ಕೊಳೆಯಿಸುತ್ತಿದ್ದರೆಂದು ಅವನ ದೂರು. ತಾನು ವೈನಿನಲ್ಲಿ ನೆನೆಸಿದ ಬಟ್ಟೆ ಕಟ್ಟಿ, ಅದು ಒಣಗದಂತೆ ಕಾಯುತ್ತಿದ್ದನಂತೆ. ತನ್ನನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಗೇಲನ್ನನಿಗೆ ಸಂಕೋಚವಿಲ್ಲ; ಅದನ್ನು ಸ್ವಲ್ಪ ಕಳೆದೇ ಓದಬೇಕು.

ಆದರೆ ಅವನೂ ಒಂದು ಕಡೆ ಎಡವಿದ. ಮಾಂಸವನ್ನು ಎಲುಬಿಗೆ ಕಟ್ಟುವ ಬಿಳಿಯ ಹುರಿಯೊಳಗೆ ನರವೂ ಹೆಣೆದುಕೊಂಡಿದೆಯೆಂದೂ, ಅದನ್ನು ಸೂಜಿ ಚುಚ್ಚಿದರೆ ಸೆಳವು ಬರುವುದೆಂದೂ ನಂಬಿದ. ಗುರುವಾಕ್ಯವೆಂದು ಯೂರೋಪಿನ ಎಷ್ಟೋ ವೈದ್ಯರು ಹುರಿಗೆ ಹೊಲಿಗೆ ಹಾಕಲು ಅಂಜಿದರು. ಹುರಿಯನ್ನು ಚುಚ್ಚಿದರೆ ನೋವೇ ಆಗದೆಂದು ಹ್ಯಾಲರ್ ಎಂಬ ವಿದ್ವಾಂಸ ಪ್ರಾಣಿಗಳ ಮೇಲೆ ಪರೀಕ್ಷಿಸಿ ಸಾರಿದ್ದು 1752ರಲ್ಲಿ! ಈಳಿಗೆಮಣೆಯಿಂದ ಬೆರಳಿಗಾದ ಗಾಯ ಎಷ್ಟೇ ಚಿಕ್ಕದಿರಲಿ, ಬೆರಳು ಮಡಿಸಲು ಬಾರದಿದ್ದರೆ ಒಳಗಿನ ಹುರಿ ಕಡಿದಿರಬಹುದು. ಕಡಿದ ತುದಿಗಳು ಹಗ್ಗ ತುಂಡಾದಂತೆ ದೂರ ಸರಿಯುತ್ತವೆ. ಬರಿಯ ಪಟ್ಟಿ ಕಟ್ಟಿದರೆ ಅವು ಸೇರವು.

ಗೇಲನ್ನನ ಜಾಣತನ ಕಾಣುವುದು ಪಾಸೇನಿಯಸ್ ಎಂಬ ಸಿರಿಯದ ವಾಗ್ಮಿಯ ಪ್ರಸಂಗದಲ್ಲಿ. ಕಿರುಬೆರಳು, ಉಂಗುರಬೆರಳು, ನಡುಬೆರಳಿನ ಅರ್ಧ ಇಷ್ಟಕ್ಕೆ ಅವನಿಗೆ ಸ್ಪರ್ಶಜ್ಞಾನ ಹೋಗಿತ್ತು. ಬೆರಳು ಆಡುತ್ತಿದ್ದವು, ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ವೈದ್ಯರೆಲ್ಲ ಬೆರಳಿಗೇ ಲೇಪ ಬಳಿದರು. ಗೇಲನ್ ಕೇಳಿದ್ದು, ಮೊದಲು ಎಲ್ಲಿಯಾದರೂ ಪೆಟ್ಟು ಬಿದ್ದಿತ್ತೆ ಎಂದು. ರಥದಿಂದ ಬಿದ್ದು ಬೆನ್ನಿನ ಮೇಲ್ಭಾಗ ಕಲ್ಲಿಗೆ ಬಡಿದಿತ್ತು. ಮದ್ದನ್ನು ಬೆರಳಿನಿಂದ ತೆಗೆಸಿ ಕತ್ತಿನ ಬುಡಕ್ಕೆ ಹಾಕಿಸಿದ. ರೋಗಿ ಗುಣವಾದನೆಂದು ಬರೆದಿದ್ದಾನೆ. ಮದ್ದಿನಿಂದಲೇ ಗುಣವಾಯಿತೆಂದು ನಾನು ಒಪ್ಪಲಾರೆ. ನರ ತಾನೇ ಸುಧಾರಿಸಿಕೊಂಡಿರಬಹುದು. ಆದರೆ ಆ ಬೆರಳುಗಳ ನರಕ್ಕೆ ಕತ್ತಿನ ಬುಡದಲ್ಲಿ ಬೇರಿದೆಯೆಂಬುದು ಇಂದಿಗೂ ಸತ್ಯ. ನನಗೂ ಒಮ್ಮೆ ಕಿರುಬೆರಳು ಜೋಮು ಹಿಡಿದು, ಸೀಮೆಸುಣ್ಣ ಹಿಡಿದ ಕೈ ನನ್ನದಲ್ಲವೆನಿಸಿತ್ತು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದೆ. ಕೊನೆಗೆ ವೈದ್ಯರು ನೋಡಿದ್ದು ಬೆರಳನ್ನಲ್ಲ, ಮೊಣಕೈಯನ್ನು ಮತ್ತು ಕತ್ತನ್ನು.

ಎದೆಯ ಗಾಯದ ಪ್ರಸಂಗ ಇನ್ನೂ ಘೋರ. ಮರಿಲ್ಲಸ್ ಎಂಬ ನಾಟಕಕಾರನ ದಾಸನಾಗಿದ್ದ ಹುಡುಗನಿಗೆ ಗರಡಿಮನೆಯಲ್ಲಿ ಎದೆಗೆ ಏಟು ಬಿತ್ತು. ಮೊದಲು ಯಾರೂ ಗಮನಿಸಲಿಲ್ಲ. ತಿಂಗಳುಗಳ ಮೇಲೆ ಕೀವು ತುಂಬಿ ಎದೆಯ ನಡುವಣ ಎಲುಬೇ ಕೊಳೆಯಿತು. ಸೇರಿದ್ದ ವೈದ್ಯರಲ್ಲಿ ಯಾರಿಗೂ ಅದನ್ನು ಕೊಯ್ಯುವ ಧೈರ್ಯವಿಲ್ಲ. ಎದೆಗೂಡಿಗೆ ತೂತಾದರೆ ಪ್ರಾಣಕ್ಕೇ ಕುತ್ತು. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಗೇಲನ್ ಕೊಳೆತ ಎಲುಬನ್ನು ಕೊಯ್ದು ತೆಗೆದ. ಹೃದಯದ ಹೊದಿಕೆಯೂ ಕೆಟ್ಟಿತ್ತು. ಮಿಡಿಯುವ ಗುಂಡಿಗೆ ಕಣ್ಣಿಗೇ ಕಾಣುತ್ತಿತ್ತು. ಹುಡುಗ ಬದುಕಿದ. ಸುತ್ತಲ ಮಾಂಸ ಬೆಳೆದು ಗಾಯ ಮುಚ್ಚಿತು. ಗೇಲನ್ ಯಜಮಾನನ ಹೆಸರನ್ನು ಬರೆದಿಟ್ಟಿದ್ದಾನೆ, ಹುಡುಗನ ಹೆಸರನ್ನು ಬರೆದಿಲ್ಲ.