ಬಿಳಿ ಕುದುರೆ ಫೈನಲ್‌ಗೆ ಬಂದವರು 3 ಲಕ್ಷವೇ?

ಜನಸಾಗರದ ನಡುವೆ ಒಂದು ಬಿಳಿ ಕುದುರೆ, ಕೆಳಗೆ ‘3 ಲಕ್ಷ ಜನ ನೋಡಿದ ಫುಟ್‌ಬಾಲ್ ಪಂದ್ಯ’ ಎಂಬ ಸಾಲು. ನಿಮಗೂ ಬಂದಿರಬಹುದು. ಫೋಟೋ ನಿಜವೇ. 1923ರ ಏಪ್ರಿಲ್ 28ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಎಫ್‌ಎ ಕಪ್ ಫೈನಲ್ ಅದು. ಸಂಖ್ಯೆಯ ಕತೆ ಬೇರೆ.

ಅಧಿಕೃತ ಲೆಕ್ಕ 1,26,047. ಗೇಟು ಮುಚ್ಚಿದ ಮೇಲೆ ಗೋಡೆ ಹತ್ತಿ ನುಗ್ಗಿದವರನ್ನು ಯಾರೂ ಎಣಿಸಲಿಲ್ಲ. ಹಾಗಾಗಿ 2 ಲಕ್ಷ, 3 ಲಕ್ಷ ಎಂಬುದೆಲ್ಲ ಬರೀ ಅಂದಾಜು. ಅಧಿಕೃತ ಲೆಕ್ಕಕ್ಕಿಂತ ತುಂಬಾ ಹೆಚ್ಚು ಜನ ಇದ್ದರು ಎಂದಷ್ಟೇ ನಾವು ಹೇಳಬಹುದು.

ಇಷ್ಟು ಜನ ಬಂದದ್ದು ಹೇಗೆ? ಹಿಂದಿನ ಮೂರು ಫೈನಲ್‌ಗಳಿಗೆ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನ ತುಂಬಿರಲಿಲ್ಲ. ಹೊಸ ವೆಂಬ್ಲಿಯೋ ಇನ್ನೂ ದೊಡ್ಡದು, ತುಂಬೀತೆಂದು ಯಾರೂ ಎಣಿಸಿರಲಿಲ್ಲ. ಕೆಲವು ಆಸನಗಳಿಗೆ ಮಾತ್ರ ಮುಂಗಡ ಟಿಕೆಟ್ ಮಾರಿ, ಉಳಿದವರು ಗೇಟಿನಲ್ಲೇ ದುಡ್ಡು ಕೊಟ್ಟು ಬರಲಿ ಎಂದು ಬಿಟ್ಟರು. ಆಡಿದ ಎರಡು ತಂಡಗಳಲ್ಲಿ ವೆಸ್ಟ್ ಹ್ಯಾಮ್ ಲಂಡನ್ನಿನದೇ ಬೇರೆ! ಜನ ಮೈದಾನದೊಳಕ್ಕೇ ಚೆಲ್ಲಿದರು. ಕುದುರೆ ಪೊಲೀಸರು ಅವರನ್ನು ಗೆರೆಯಾಚೆ ಸರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ತಡ. ಬೋಲ್ಟನ್ 2–0 ಗೆದ್ದಿತು. ನೂರಾರು ಮಂದಿಗೆ ಗಾಯವಾಯಿತು.

ಟಿಕೆಟ್ ಇದ್ದೂ ಸೀಟು ತಲುಪಲಾಗದವರಿಗೆ ಎಫ್‌ಎ ಹಣ ಮರಳಿಸಬೇಕಾಯಿತು. ಮರುವರ್ಷದಿಂದ ಫೈನಲ್‌ಗೆ ಮುಂಗಡ ಟಿಕೆಟ್ ಕಡ್ಡಾಯ. ಇಂದಿನ ಟಿಕೆಟ್ ದರದ ಬಗ್ಗೆ ಅಭಿಮಾನಿಗಳು ಗೊಣಗುವುದು ನ್ಯಾಯವೇ. ಆದರೆ ವೆಂಬ್ಲಿಯಲ್ಲಿ ಆ ನಿಯಮ ಬಂದದ್ದು ನೂಕುನುಗ್ಗಲಿನಿಂದ.

ಅಂದಹಾಗೆ, ಬಿಲ್ಲಿ ಎಂಬ ಆ ಕುದುರೆ ಬಿಳಿಯದಲ್ಲ, ಬೂದು ಬಣ್ಣದ್ದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬಿಳಿಯಾಗಿ ಕಂಡಿತು, ಅಷ್ಟೇ.